ಕಾಲುದಾರಿ ಯಾರಿಗಾಗಿ? ಸುಪ್ರೀಂ ಕೋರ್ಟಿನ ಆದೇಶ, ನಮ್ಮ ಬೀದಿ ಮತ್ತು ನಮ್ಮ ಹೊಣೆ

ರಸ್ತೆಯ ಬದಿಯಲ್ಲಿ ನಡೆದುಕೊಂಡು ಹೋಗುವುದು ಒಂದು ಹಕ್ಕು ಎಂದರೆ ನಮ್ಮಲ್ಲಿ ಹಲವರಿಗೆ ನಗು ಬರಬಹುದು. ನಡೆಯುವುದಕ್ಕೂ ಕೋರ್ಟು ಕಚೇರಿ ಬೇಕೇ ಎಂದು ಕೇಳಬಹುದು. ಆದರೆ 2025ರ ಮೇ 14ರಂದು ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಇದನ್ನೇ. ನಡೆಯಲು ಯೋಗ್ಯವಾದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿ ಕೊಡಮಾಡುವ ಜೀವಿಸುವ ಹಕ್ಕಿನ ಅವಿಭಾಜ್ಯ ಅಂಗ ಎಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಸ್ಪಷ್ಟಪಡಿಸಿತು. ಅಷ್ಟೇ ಅಲ್ಲ, ಆ ಫುಟ್‌ಪಾತ್ ವಿಕಲಚೇತನರೂ ಬಳಸುವಂತೆ ಇರಬೇಕು, ಅದರ ಮೇಲಿನ ಒತ್ತುವರಿಯನ್ನು ತೆಗೆಯಲೇಬೇಕು ಎಂದೂ ಹೇಳಿತು.

ಈ ಪ್ರಕರಣದ ಮೂಲ ಕೊಯಮತ್ತೂರಿನಲ್ಲಿದೆ. ಅಲ್ಲಿನ ಮೂಳೆ ಶಸ್ತ್ರಚಿಕಿತ್ಸಕ ಡಾ. ಎಸ್. ರಾಜಶೇಖರನ್ ಅವರು ರಸ್ತೆ ಸುರಕ್ಷತೆಗಾಗಿ 2012ರಲ್ಲಿ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದು. ಅದೇ ಪ್ರಕರಣದಲ್ಲಿ 2025ರ ಅಕ್ಟೋಬರ್ 7ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಇನ್ನೂ ಮುಂದೆ ಹೋಯಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ 50 ನಗರಗಳಲ್ಲಿ ಫುಟ್‌ಪಾತ್‌ಗಳ ಪರಿಶೀಲನೆ ನಡೆಸಬೇಕು, ಪಾದಚಾರಿಗಳ ಸುರಕ್ಷತೆ ಮತ್ತು ರಸ್ತೆಗಳ ವಿನ್ಯಾಸದ ಬಗ್ಗೆ ರಾಜ್ಯ ಸರಕಾರಗಳು ಮೋಟಾರು ವಾಹನ ಕಾಯ್ದೆಯಡಿ ಆರು ತಿಂಗಳೊಳಗೆ ನಿಯಮ ರೂಪಿಸಬೇಕು ಎಂದು ಆದೇಶಿಸಿತು.

ನ್ಯಾಯಾಲಯದ ಮುಂದಿದ್ದ ಅಂಕಿ ಅಂಶಗಳು ಯಾರನ್ನಾದರೂ ಬೆಚ್ಚಿ ಬೀಳಿಸುವಂಥವು. ಕೇಂದ್ರ ಸರಕಾರದ ವರದಿಯ ಪ್ರಕಾರ 2023ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,72,890 ಮಂದಿ. ಅವರಲ್ಲಿ 35,221 ಮಂದಿ ಪಾದಚಾರಿಗಳು. ಅಂದರೆ ಸತ್ತ ಪ್ರತಿ ಐವರಲ್ಲಿ ಒಬ್ಬರು ಯಾವ ವಾಹನದಲ್ಲೂ ಇರಲಿಲ್ಲ. ನಡೆಯುತ್ತಿದ್ದರು, ಇಲ್ಲವೇ ರಸ್ತೆ ದಾಟುತ್ತಿದ್ದರು. ದಿನಕ್ಕೆ ಸರಾಸರಿ 96 ಜನ! ಇವರೆಲ್ಲರೂ ಫುಟ್‌ಪಾತ್ ಇಲ್ಲದ್ದರಿಂದಲೇ ಸತ್ತರು ಎನ್ನಲಾಗದು. ಆದರೆ ಫುಟ್‌ಪಾತ್ ಇಲ್ಲದ ಕಡೆ, ಇದ್ದೂ ನಡೆಯಲಾಗದ ಕಡೆ, ಮನುಷ್ಯ ರಸ್ತೆಗೆ ಇಳಿಯುತ್ತಾನೆ. ರಸ್ತೆಗೆ ಇಳಿದವನು ಬಸ್ಸು ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆಯುತ್ತಾನೆ. ಕಣ್ಣು ಕಾಣುವ, ಕಾಲು ಗಟ್ಟಿ ಇರುವ ನಮ್ಮ ಪಾಡೇ ಹೀಗಾದರೆ ಗಾಲಿಕುರ್ಚಿಯಲ್ಲಿರುವವರ, ಬಿಳಿ ಬೆತ್ತ ಹಿಡಿದವರ, ಊರುಗೋಲು ಊರುವವರ ಪಾಡೇನು?

ಈ ಪ್ರಶ್ನೆ ಬೆಂಗಳೂರು ಮುಂಬಯಿಗಳಿಗೆ ಮಾತ್ರ ಸೀಮಿತವಲ್ಲ. ಮಂಗಳೂರು ಹತ್ತು ಲಕ್ಷ ದಾಟಿದ ನಗರವಲ್ಲ. ಉಡುಪಿ, ಕುಂದಾಪುರ, ಕಾರವಾರಗಳಂತೂ ಅಲ್ಲವೇ ಅಲ್ಲ. ಹಾಗಾಗಿ 50 ನಗರಗಳ ಪರಿಶೀಲನೆ ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಆದರೆ ಜೀವಿಸುವ ಹಕ್ಕಿಗೆ ಜನಸಂಖ್ಯೆಯ ಲೆಕ್ಕವಿಲ್ಲ. ಯಾರೂ ಬಂದು ಪರಿಶೀಲಿಸದ ಊರಿನಲ್ಲಿ ಪರಿಶೀಲಿಸುವ ಕೆಲಸ ಊರಿನವರದ್ದೇ ಆಗುತ್ತದೆ.

ಕಾನೂನು ಇತ್ತು, ಕಡ್ಡಾಯ ಇರಲಿಲ್ಲ

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲೇ ಗಾಲಿಕುರ್ಚಿಗಾಗಿ ಫುಟ್‌ಪಾತ್ ಅಂಚಿನಲ್ಲಿ ಇಳಿಜಾರು, ಅಂಧರಿಗಾಗಿ ಜೀಬ್ರಾ ದಾಟುಪಟ್ಟಿಯ ಮೇಲೆ ಸ್ಪರ್ಶಕ್ಕೆ ಸಿಗುವ ಗುರುತು, ಸಿಗ್ನಲ್‌ಗಳಲ್ಲಿ ಧ್ವನಿ ಸೂಚನೆ, ಎಲ್ಲವೂ ಬರೆದಿತ್ತು. ಆದರೆ ಒಂದು ಬಾಲವೂ ಇತ್ತು: ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳ ಆರ್ಥಿಕ ಶಕ್ತಿಯ ಮಿತಿಯೊಳಗೆ ಇವನ್ನು ಮಾಡಬೇಕು ಎಂಬುದು. ಆ ಒಂದು ಮಾತು ಸಾಕಾಯಿತು. ಹಣವಿಲ್ಲ ಎಂದು ಹೇಳುವುದು ಯಾರಿಗೆ ಕಷ್ಟ?

2007ರ ಅಕ್ಟೋಬರ್ 1ರಂದು ಭಾರತ ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಆ ಒಡಂಬಡಿಕೆಯ ದೃಷ್ಟಿಯೇ ಬೇರೆ. ಕುಂದು ಇರುವುದು ಮನುಷ್ಯನ ದೇಹದಲ್ಲಿ ಮಾತ್ರವಲ್ಲ, ಅವನು ಓಡಾಡಲಾಗದಂತೆ ಕಟ್ಟಿದ ಊರಿನಲ್ಲೂ ಇದೆ ಎಂಬುದು ಅದರ ತಿರುಳು. ಅದಕ್ಕೆ ಅನುಗುಣವಾಗಿ ಬಂದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಈ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ವಿಕಲಚೇತನರು ಓಡಾಡಬಲ್ಲ ರಸ್ತೆಗಳನ್ನು ಒದಗಿಸುವುದು ಸರಕಾರದ ಕರ್ತವ್ಯ ಎನ್ನುತ್ತದೆ. ಮೊದಲ ಸಲದ ಉಲ್ಲಂಘನೆಗೆ 10,000 ರೂಪಾಯಿವರೆಗೆ, ನಂತರದ ಉಲ್ಲಂಘನೆಗಳಿಗೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವನ್ನೂ ಹೇಳುತ್ತದೆ.

ಹಾಗಾದರೆ ಎಲ್ಲಿ ತಪ್ಪಿತು? ಉತ್ತರ ಇನ್ನೊಂದು ಪ್ರಕರಣದಲ್ಲಿದೆ. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಎಂಬವರು 2005ರಲ್ಲಿ ರಸ್ತೆ, ಸಾರಿಗೆ ಮತ್ತು ಕಟ್ಟಡಗಳು ತಮ್ಮಂಥವರಿಗೂ ಎಟುಕಬೇಕೆಂದು ಸುಪ್ರೀಂ ಕೋರ್ಟ್ ಮೊರೆ ಹೋಗಿದ್ದರು. 2017ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಹಲವು ನಿರ್ದೇಶನಗಳನ್ನು ಕೊಟ್ಟಿತು, ಪಾಲನೆ ನಿಧಾನವಾಯಿತು. ಕೊನೆಗೆ 2024ರ ನವೆಂಬರ್ 8ರಂದು ಬಂದ ತೀರ್ಪು ಗಂಟು ಎಲ್ಲಿದೆ ಎಂದು ತೋರಿಸಿತು. ಕಾಯ್ದೆ ಕಡ್ಡಾಯ ಎನ್ನುತ್ತದೆ, ಆದರೆ ಕಾಯ್ದೆಯಡಿ ಮಾಡಿದ 2017ರ ನಿಯಮಗಳು ತೋರಿಸುವ ಮಾನದಂಡಗಳೆಲ್ಲ ಬರೀ ಸಲಹೆಯ ಧಾಟಿಯಲ್ಲಿವೆ. ಇದು ಕಾಯ್ದೆಯ ಆಶಯಕ್ಕೇ ವಿರುದ್ಧ ಎಂದು ನ್ಯಾಯಾಲಯ ಆ ನಿಯಮವನ್ನು ಅಸಿಂಧುಗೊಳಿಸಿ, ಮೂರು ತಿಂಗಳೊಳಗೆ ಕಡ್ಡಾಯ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಹತ್ತೊಂಬತ್ತು ವರ್ಷಗಳ ಹೋರಾಟದ ಸಾರ ಇಷ್ಟೇ: ವಿಕಲಚೇತನರ ಓಡಾಟ ಯಾರದೋ ಔದಾರ್ಯವಾಗಬಾರದು.

ನಾಲ್ಕು ಅಂಗುಲದ ಅಡ್ಡಿ

ಫುಟ್‌ಪಾತ್ ಹೇಗಿರಬೇಕು ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಟಿಸಿದೆ. ವಸತಿ ಪ್ರದೇಶದಲ್ಲಿ ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲ, ಅಂಗಡಿ ಬೀದಿಯಲ್ಲಿ 2.5 ಮೀಟರ್, ರಸ್ತೆಯಿಂದ ಎತ್ತರ 15 ಸೆಂಟಿಮೀಟರ್ ಮೀರಬಾರದು, ತಲೆಯ ಮೇಲೆ 2.2 ಮೀಟರ್‌ವರೆಗೆ ಏನೂ ನೇತಾಡಬಾರದು. ಕಂಬ, ಮರ, ಬೆಂಚು, ಕಸದ ತೊಟ್ಟಿಗಳಿಗೆ ರಸ್ತೆಯ ಅಂಚಿನಲ್ಲಿ ಪ್ರತ್ಯೇಕ ಪಟ್ಟಿ ಇರಬೇಕು. ನಡೆಯುವ ಪಟ್ಟಿಯಲ್ಲಿ ಅವು ಬರಬಾರದು. ಇಳಿಜಾರು 1ಕ್ಕೆ 12ರ ಪ್ರಮಾಣದಲ್ಲಿರಬೇಕು. ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದದ ಇಳಿಜಾರು.

ಈ ಲೆಕ್ಕ ಯಾಕೆ ಮುಖ್ಯ ಎಂದರೆ, ವಿಕಲಚೇತನರ ಮಟ್ಟಿಗೆ ಫುಟ್‌ಪಾತ್ ಒಂದು ಸರಪಳಿ ಇದ್ದಂತೆ. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿಗೆ ಬೆಲೆಯಿಲ್ಲ. ಅರ್ಧ ಕಿಲೋಮೀಟರ್ ಅಚ್ಚುಕಟ್ಟಾದ ದಾರಿ ಇದ್ದು, ನಡುವೆ ಒಂದೇ ಒಂದು ಬೈಕು ಅಡ್ಡ ನಿಂತಿದ್ದರೆ ನಮಗೆ ಅದು ಎರಡು ಹೆಜ್ಜೆಯ ಸುತ್ತು. ಗಾಲಿಕುರ್ಚಿಯವರಿಗೆ ದಾರಿ ಅಲ್ಲಿಗೇ ಮುಗಿಯಿತು. ಹಿಂದಕ್ಕೆ ಹೋಗಿ ರಸ್ತೆಗೆ ಇಳಿಯೋಣವೆಂದರೆ ಇಳಿಜಾರು ಇರುವುದಿಲ್ಲ. ನಾಲ್ಕು ಅಂಗುಲದ ಮೆಟ್ಟಿಲು ಕೂಡ ಗಾಲಿಗೆ ಗೋಡೆಯೇ.

ಅಂಧರ ಕಷ್ಟ ಮತ್ತೊಂದು ಬಗೆಯದು. ಬಿಳಿ ಬೆತ್ತ ನೆಲದ ಮೇಲಿನ ಅಡ್ಡಿಯನ್ನು ಪತ್ತೆ ಹಚ್ಚುತ್ತದೆ. ಎದೆಯ ಎತ್ತರದಲ್ಲಿ ಚಾಚಿದ ಅಂಗಡಿಯ ತಗಡಿನ ಮಾಡನ್ನು, ವಾಲಿಕೊಂಡ ಫ್ಲೆಕ್ಸಿನ ಕಂಬಿಯನ್ನು ಪತ್ತೆ ಹಚ್ಚುವುದಿಲ್ಲ. ಅದು ನೇರವಾಗಿ ಮುಖಕ್ಕೇ ಬಡಿಯುತ್ತದೆ. ಇನ್ನು ಫುಟ್‌ಪಾತ್ ಮೇಲೆ ಹಾಸುವ ಉಬ್ಬು ಗೆರೆಗಳ ಹಳದಿ ಹೆಂಚುಗಳ ಕಥೆ. ಜಪಾನಿನ ಸೆಯಿಚಿ ಮಿಯಾಕೆ ಎಂಬವರು ರೂಪಿಸಿದ ಈ ಹೆಂಚುಗಳನ್ನು ಮೊದಲು ಹಾಸಿದ್ದು 1967ರ ಮಾರ್ಚ್ 18ರಂದು, ಒಕಯಾಮಾ ನಗರದಲ್ಲಿ. ಉದ್ದುದ್ದ ಗೆರೆ ಇದ್ದರೆ ಮುಂದೆ ನಡೆಯಿರಿ ಎಂದರ್ಥ. ಗುಂಡು ಚುಕ್ಕಿ ಇದ್ದರೆ ನಿಲ್ಲಿ, ಎಚ್ಚರ ಎಂದರ್ಥ. ಅದೊಂದು ಭಾಷೆ. ಆದರೆ ನಮ್ಮ ದೇಶದ ಹಲವು ನಗರಗಳಲ್ಲಿ ಅದನ್ನು ಅಲಂಕಾರವೆಂದು ತಿಳಿದು ಹಾಸಲಾಗಿದೆ. ಗೆರೆ ಹಿಡಿದು ನಡೆದವರು ಹೋಗಿ ವಿದ್ಯುತ್ ಕಂಬಕ್ಕೆ ಡಿಕ್ಕಿ ಹೊಡೆಯುವಂತಿದೆ. ಇಂಥ ಹೆಂಚು ಇಲ್ಲದಿದ್ದರೂ ಚಿಂತೆಯಿಲ್ಲ, ತಪ್ಪು ಹೇಳುವ ಹೆಂಚು ಇರಬಾರದು.

ಕರಾವಳಿಯ ಫುಟ್‌ಪಾತ್ ಎಂದರೆ ಚರಂಡಿಯ ಮುಚ್ಚಳ

ನಮ್ಮ ಕರಾವಳಿಯಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ನೀರು ಹೋಗಲು ದೊಡ್ಡ ಚರಂಡಿ ಬೇಕು. ರಸ್ತೆ ಅಗಲವಾಗುತ್ತಾ ಹೋದಂತೆ ಬದಿಯಲ್ಲಿ ಉಳಿಯುವುದು ಚರಂಡಿಯಷ್ಟೇ ಜಾಗ. ಹಾಗಾಗಿ ಚರಂಡಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕಿ ಅದನ್ನೇ ಫುಟ್‌ಪಾತ್ ಎಂದು ಕರೆಯುವುದು ರೂಢಿಯಾಗಿದೆ. ಇದರಿಂದ ಮೂರು ತೊಂದರೆ.

ಮೊದಲನೆಯದು ಎತ್ತರ. ಚರಂಡಿಯ ಗೋಡೆ ರಸ್ತೆಗಿಂತ ಮೇಲೆದ್ದಿರುತ್ತದೆ. ವಾಹನಗಳು ಹತ್ತದಿರಲಿ ಎಂದು ಇನ್ನಷ್ಟು ಎತ್ತರಿಸುವವರೂ ಇದ್ದಾರೆ. ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಎತ್ತರದ ಫುಟ್‌ಪಾತಿಗೆ ಸರಿಯಾದ ಇಳಿಜಾರು ಕಟ್ಟಬೇಕಾದರೆ 5.4 ಮೀಟರ್ ಉದ್ದ ಬೇಕು! ಅಷ್ಟು ಜಾಗ ಎಲ್ಲಿದೆ? ಆದ್ದರಿಂದ ಎತ್ತರದ ಫುಟ್‌ಪಾತ್ ಕಟ್ಟಿ ಆಮೇಲೆ ವಿಕಲಚೇತನರಿಗಾಗಿ ಏನಾದರೂ ಮಾಡೋಣ ಎಂಬ ಮಾತೇ ಅರ್ಥವಿಲ್ಲದ್ದು. ನಕ್ಷೆ ಬರೆಯುವಾಗಲೇ ತಗ್ಗಿಸಬೇಕು. ವಾಹನ ತಡೆಯಲು ಎತ್ತರ ಬೇಡ. ಗಾಲಿಕುರ್ಚಿ ದಾಟುವಷ್ಟು ಅಂತರ ಬಿಟ್ಟು ಗಿಡ್ಡ ಕಂಬಗಳನ್ನು ನೆಟ್ಟರೆ ಸಾಕು.

ಎರಡನೆಯದು ಚಪ್ಪಡಿಗಳು. ಹೂಳೆತ್ತಲು ತೆಗೆದ ಚಪ್ಪಡಿಯನ್ನು ಸರಿಯಾಗಿ ಕೂರಿಸುವುದಿಲ್ಲ. ಕೇಬಲ್ ಎಳೆಯಲು, ನೀರಿನ ಪೈಪು ಹಾಕಲು ಒಬ್ಬರ ಹಿಂದೊಬ್ಬರು ಅಗೆಯುತ್ತಾರೆ. ಮುರಿದ ಚಪ್ಪಡಿಯ ಜಾಗದಲ್ಲಿ ಮಳೆಗಾಲದಲ್ಲಿ ನೀರು ತುಂಬಿದರೆ ಗುಂಡಿ ಯಾವುದು ನೆಲ ಯಾವುದು ಎಂದು ಕಣ್ಣಿದ್ದವರಿಗೂ ಗೊತ್ತಾಗದು. ಬೆತ್ತದ ತುದಿಗೆ ಅದು ಗೊತ್ತಾಗುವ ಹೊತ್ತಿಗೆ ಕಾಲು ಒಳಗಿರುತ್ತದೆ. ಜೊತೆಗೆ ಪಾಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಯವಾದ ಹೆಂಚು ಹಾಸಿದ ಫುಟ್‌ಪಾತ್ ಊರುಗೋಲಿನವರಿಗೆ ಜಾರುಬಂಡೆಯೇ ಸರಿ.

ಮೂರನೆಯದು ಗೇಟುಗಳು. ಪ್ರತಿಯೊಂದು ಮನೆ, ಅಂಗಡಿ, ಸಂಸ್ಥೆ ತನ್ನ ಕಾರು ಒಳಬರಲೆಂದು ಫುಟ್‌ಪಾತನ್ನು ಒಡೆದು ತನ್ನದೇ ಇಳಿಜಾರು ಮಾಡಿಕೊಳ್ಳುತ್ತದೆ. ಆಗ ನಡೆಯುವ ದಾರಿ ಹತ್ತು ಮಾರಿಗೊಮ್ಮೆ ಏರಿ ಇಳಿಯುತ್ತದೆ, ಬದಿಗೆ ವಾಲುತ್ತದೆ. ವಾಲಿದ ನೆಲದಲ್ಲಿ ಗಾಲಿಕುರ್ಚಿ ರಸ್ತೆಯ ಕಡೆಗೇ ಎಳೆಯುತ್ತದೆ. ಗೇಟಿನ ಮುಂದೆಯೂ ಫುಟ್‌ಪಾತ್ ಅದೇ ಮಟ್ಟದಲ್ಲಿ ಮುಂದುವರಿಯಬೇಕು, ಕಾರು ಅದನ್ನು ಹತ್ತಿ ದಾಟಬೇಕು ಎಂಬುದು ಸರಿಯಾದ ಕ್ರಮ. ನಮ್ಮಲ್ಲಿ ಕಾರಿಗೆ ಸಮತಟ್ಟು, ಮನುಷ್ಯನಿಗೆ ಏರಿಳಿತ!

ಬಡ ವ್ಯಾಪಾರಿಯ ಮೇಲೆ ಬುಲ್ಡೋಜರ್ ಓಡಿಸಿದರೆ ಸಾಕೇ?

ಫುಟ್‌ಪಾತ್ ಒತ್ತುವರಿ ಎಂದ ಕೂಡಲೇ ನಮ್ಮ ಕಣ್ಣು ಹೋಗುವುದು ತರಕಾರಿ ಮಾರುವ ಹೆಂಗಸಿನ ಮೇಲೆ, ಚರುಮುರಿ ಗಾಡಿಯವನ ಮೇಲೆ, ಗೂಡಂಗಡಿಯ ಮೇಲೆ. ಮಂಗಳೂರಿನಲ್ಲಿ 2024ರಲ್ಲಿ ಮಹಾನಗರ ಪಾಲಿಕೆ ‘ಟೈಗರ್ ಕಾರ್ಯಾಚರಣೆ’ ಎಂಬ ಹೆಸರಿನಲ್ಲಿ ಬೀದಿಬದಿ ವ್ಯಾಪಾರವನ್ನು ತೆರವುಗೊಳಿಸಿದಾಗ ಊರಿನಲ್ಲಿ ಪರ ವಿರೋಧ ಎರಡೂ ಕೇಳಿ ಬಂತು. ಇಲ್ಲಿ ನಾವು, ವಿಶೇಷವಾಗಿ ಕ್ರೈಸ್ತರು, ಸ್ವಲ್ಪ ನಿಂತು ಯೋಚಿಸಬೇಕು. ಒಂದೆಡೆ ವಿಕಲಚೇತನರ ಹಕ್ಕು, ಇನ್ನೊಂದೆಡೆ ಬಡವರ ಹೊಟ್ಟೆಪಾಡು. ಯಾರ ಪರ ನಿಲ್ಲುವುದು?

ಕುತೂಹಲದ ಸಂಗತಿಯೆಂದರೆ, ಸಂವಿಧಾನದ ಅದೇ 21ನೇ ವಿಧಿ ಇಬ್ಬರನ್ನೂ ಕಾಯುತ್ತದೆ. ಪತ್ರಕರ್ತೆ ಓಲ್ಗಾ ಟೆಲಿಸ್ ಅವರು ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಪರವಾಗಿ ಹೂಡಿದ್ದ ಪ್ರಕರಣದಲ್ಲಿ 1985ರಲ್ಲೇ ಸುಪ್ರೀಂ ಕೋರ್ಟ್ ಎರಡೂ ಮಾತನ್ನು ಒಟ್ಟಿಗೆ ಹೇಳಿತ್ತು: ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ, ಆದರೆ ಫುಟ್‌ಪಾತ್ ಇರುವುದು ನಡೆಯುವವರಿಗಾಗಿ, ಅದನ್ನು ಯಾರೂ ಆಕ್ರಮಿಸುವಂತಿಲ್ಲ, ಎಬ್ಬಿಸುವುದಾದರೆ ನ್ಯಾಯವಾದ ಕ್ರಮದಲ್ಲಿ ಎಬ್ಬಿಸಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಈ ಸಮತೋಲವನ್ನು ನಿಯಮಕ್ಕೆ ಇಳಿಸಿತು. ಪಟ್ಟಣ ವ್ಯಾಪಾರ ಸಮಿತಿ ರಚಿಸಬೇಕು, ವ್ಯಾಪಾರಿಗಳ ಸಮೀಕ್ಷೆ ಮಾಡಬೇಕು, ಪ್ರಮಾಣಪತ್ರ ಕೊಡಬೇಕು, ಎಲ್ಲಿ ವ್ಯಾಪಾರ ಮಾಡಬಹುದು ಎಲ್ಲಿ ಮಾಡಬಾರದು ಎಂದು ವಲಯ ಗುರುತಿಸಬೇಕು. ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವಂತಿಲ್ಲ. ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮಹಿಳೆಯರಿಗೂ ವಿಕಲಚೇತನ ವ್ಯಾಪಾರಿಗಳಿಗೂ ಪ್ರಾತಿನಿಧ್ಯವಿರಬೇಕು. ಹೌದು, ಬೀದಿಬದಿಯಲ್ಲಿ ಕುಳಿತು ಮಾರುವವರಲ್ಲೂ ವಿಕಲಚೇತನರಿದ್ದಾರೆ. ಬೇರೆ ಕೆಲಸ ಯಾರೂ ಕೊಡದಿದ್ದಾಗ ಅವರಿಗೆ ಉಳಿಯುವುದು ಅದೊಂದೇ.

ನಡೆಯಲು ಬೇಕಾದ ಪಟ್ಟಿಯನ್ನು ಬಿಟ್ಟು ಉಳಿದ ಜಾಗದಲ್ಲಿ ಬಣ್ಣದ ಗೆರೆ ಎಳೆದು ಕೊಟ್ಟರೆ ವ್ಯಾಪಾರಿಯೂ ಬದುಕುತ್ತಾನೆ, ಗಾಲಿಕುರ್ಚಿಯೂ ಸಾಗುತ್ತದೆ. ಇದು ಸಾಧ್ಯವಾಗದಷ್ಟು ಕಿರಿದಾದ ಕಡೆ ನಡೆಯುವವರಿಗೇ ಮೊದಲ ಹಕ್ಕು. ವ್ಯಾಪಾರಿಗೆ ಬೇರೆ ಜಾಗ ಕೊಡಬೇಕು, ಅದೂ ಗಿರಾಕಿಗಳು ಬರುವ ಜಾಗ.

ಆದರೆ ನಿಜ ಹೇಳಬೇಕೆಂದರೆ, ಎಬ್ಬಿಸಲು ಸುಲಭ ಎಂಬ ಕಾರಣಕ್ಕೇ ಬಡ ವ್ಯಾಪಾರಿ ಮೊದಲು ಕಣ್ಣಿಗೆ ಬೀಳುತ್ತಾನೆ. ಪೇಟೆಯಲ್ಲಿ ಒಂದು ಸುತ್ತು ಬಂದು ಎಣಿಸಿ ನೋಡಿ. ಫುಟ್‌ಪಾತ್ ಮೇಲೆ ನಿಂತ ಸ್ಕೂಟರು ಕಾರುಗಳೆಷ್ಟು? ಪಕ್ಕಾ ಕಟ್ಟಡದ ಅಂಗಡಿಯವರು ಹೊರಗೆ ಇಟ್ಟ ಬೋರ್ಡು, ಡಬ್ಬ, ಜನರೇಟರುಗಳೆಷ್ಟು? ಮನೆ ಕಟ್ಟುವವರು ಸುರಿದ ಜಲ್ಲಿ ಮರಳೆಷ್ಟು? ವಿದ್ಯುತ್ ಟ್ರಾನ್ಸ್‌ಫಾರ್ಮರ್, ಟೆಲಿಫೋನ್ ಪೆಟ್ಟಿಗೆ, ರಾಜಕೀಯ ಪಕ್ಷಗಳ ಫ್ಲೆಕ್ಸ್‌ಗಳೆಷ್ಟು? ವ್ಯಾಪಾರಿ ಸಂಜೆ ಗಂಟು ಕಟ್ಟಿ ಮನೆಗೆ ಹೋಗುತ್ತಾನೆ. ಟ್ರಾನ್ಸ್‌ಫಾರ್ಮರ್ ಎಲ್ಲಿಗೂ ಹೋಗುವುದಿಲ್ಲ. ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸುವುದನ್ನು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ನಿಷೇಧಿಸಿದೆ. ಬಡವನ ಗಾಡಿಗೆ ಬೀಳುವ ಕಾನೂನಿನ ಏಟು ಶ್ರೀಮಂತನ ಕಾರಿಗೂ ಬೀಳಬೇಡವೇ?

ನಮ್ಮ ಗೇಟಿನ ಮುಂದೆ

ಈಗ ನಮ್ಮ ಕಡೆಗೆ ಬರೋಣ. ಪವಿತ್ರ ಗ್ರಂಥ ಈ ವಿಷಯದಲ್ಲಿ ಬಹಳ ನೇರ. ಕುರುಡನ ದಾರಿಯಲ್ಲಿ ಎಡವುವ ವಸ್ತು ಇಡುವುದನ್ನು ಯಾಜಕಕಾಂಡದ 19ನೇ ಅಧ್ಯಾಯ ನಿಷೇಧಿಸುತ್ತದೆ; ದೇವರ ಭಯದ ಜೊತೆಗೇ ಅದನ್ನು ಜೋಡಿಸುತ್ತದೆ. ಕುರುಡನನ್ನು ದಾರಿ ತಪ್ಪಿಸುವವನು ಶಾಪಗ್ರಸ್ತ ಎನ್ನುತ್ತದೆ ಧರ್ಮೋಪದೇಶಕಾಂಡದ 27ನೇ ಅಧ್ಯಾಯ. ಮಾರ್ಕನ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದ ಪ್ರಸಂಗ ನಮಗೆಲ್ಲ ಬಾಯಿಪಾಠ. ಮಾಡು ಕಿತ್ತು ಅವನನ್ನು ಇಳಿಸಿದ ನಾಲ್ವರ ವಿಶ್ವಾಸದ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಆದರೆ ಮಾಡು ಕೀಳಬೇಕಾಗಿ ಬಂದದ್ದಾದರೂ ಯಾಕೆ? ಬಾಗಿಲು ಮುಚ್ಚಿರಲಿಲ್ಲ, ಬಾಗಿಲ ತುಂಬ ಜನ ನಿಂತಿದ್ದರು. ಯೇಸುಸ್ವಾಮಿಯ ಮಾತು ಕೇಳಲು ಬಂದ ಭಕ್ತಾದಿಗಳೇ ಅಡ್ಡಿಯಾಗಿದ್ದರು. ಅವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಹಿಂದೆ ತಿರುಗಿ ನೋಡಲಿಲ್ಲ, ಅಷ್ಟೇ.

ಇಂದಿನ ನಮ್ಮ ಭಾನುವಾರವೂ ಹೀಗೆಯೇ ಅಲ್ಲವೇ? ಪೇಟೆಯ ಎಷ್ಟೋ ಚರ್ಚುಗಳ ಎದುರು ಬಲಿಪೂಜೆಯ ಹೊತ್ತಿಗೆ ಫುಟ್‌ಪಾತ್ ಉದ್ದಕ್ಕೂ ವಾಹನಗಳು. ಒಂದು ಗಂಟೆಯ ಮಟ್ಟಿಗೆ ಎನ್ನುತ್ತೇವೆ. ಹಬ್ಬಕ್ಕೆ ಕಮಾನು, ವಿದ್ಯುದ್ದೀಪದ ಕಂಬ, ಸಾಂತ್‌ಮಾರಿಯ ಅಂಗಡಿಗಳು. ಹೊಸ ಗುರುಗಳ ಸ್ವಾಗತಕ್ಕೆ, ರಜತ ಮಹೋತ್ಸವಕ್ಕೆ ಫ್ಲೆಕ್ಸು. ಶಾಲೆ ಬಿಡುವ ಹೊತ್ತಿಗೆ ನಮ್ಮ ಶಿಕ್ಷಣ ಸಂಸ್ಥೆಗಳ ಎದುರು ವ್ಯಾನು ರಿಕ್ಷಾಗಳ ಸಾಲು. ಇವೆಲ್ಲ ಬೇರೆಯವರೂ ಮಾಡುತ್ತಾರೆ ಎಂಬುದು ಉತ್ತರವಲ್ಲ.

ಇನ್ನೊಂದು ಮಾತು ಅನೇಕರಿಗೆ ತಿಳಿಯದು. 2016ರ ಕಾಯ್ದೆಯಲ್ಲಿ ‘ಸಾರ್ವಜನಿಕ ಕಟ್ಟಡ’ ಎಂದರೆ ಸರಕಾರಿ ಕಚೇರಿ ಮಾತ್ರವಲ್ಲ. ಸಾರ್ವಜನಿಕರು ಬಳಸುವ ಶಿಕ್ಷಣ, ಆರೋಗ್ಯ ಮತ್ತು ಧಾರ್ಮಿಕ ಚಟುವಟಿಕೆಯ ಖಾಸಗಿ ಕಟ್ಟಡಗಳೂ ಅದರಲ್ಲಿ ಸೇರಿವೆ. ಅಂದರೆ ನಮ್ಮ ಚರ್ಚು, ಶಾಲೆ, ಆಸ್ಪತ್ರೆ, ಸಭಾಂಗಣ ಎಲ್ಲವೂ. ಹಳೆಯ ಕಟ್ಟಡಗಳನ್ನು ವಿಕಲಚೇತನರಿಗೆ ಎಟುಕುವಂತೆ ಮಾಡಲು ಕಾಯ್ದೆ ಕೊಟ್ಟ ಕಾಲಾವಕಾಶ ನಿಯಮ ಪ್ರಕಟವಾದ ದಿನದಿಂದ ಐದು ವರ್ಷ. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಆ ಅವಧಿ 2022ರಲ್ಲೇ ಮುಗಿದಿದೆ. ಪಾಲಿಕೆಯನ್ನು ಪ್ರಶ್ನಿಸುವ ಮುಂಚೆ ನಮ್ಮ ಮೆಟ್ಟಿಲುಗಳ ಬದಿಯಲ್ಲಿ ಇಳಿಜಾರು ಇದೆಯೇ, ಇದ್ದರೂ ಅದಕ್ಕೆ ಹೂಕುಂಡ ಅಡ್ಡ ಇಟ್ಟಿದ್ದೇವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಬೀದಿಯಿಂದ ಪೀಠದವರೆಗೆ ದಾರಿ ಒಂದೇ. ಗೇಟಿನ ಹೊರಗೆ ಕಡಿದರೂ ಒಳಗೆ ಕಡಿದರೂ ಗಾಲಿಕುರ್ಚಿಯವರು ಬಲಿಪೂಜೆಗೆ ತಲುಪುವುದಿಲ್ಲ.

“ನಮ್ಮ ಧರ್ಮಕೇಂದ್ರದಲ್ಲಿ ಗಾಲಿಕುರ್ಚಿಯವರು ಎಷ್ಟು ಮಂದಿ ಇದ್ದಾರೆ? ಒಬ್ಬಿಬ್ಬರು. ಅವರಿಗಾಗಿ ಇಷ್ಟೆಲ್ಲ ಬೇಕೇ?” ಎಂದು ಕೇಳುವವರಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು, ದೇಶದಲ್ಲಿ 2.68 ಕೋಟಿ. ಅವರು ಬೀದಿಯಲ್ಲಿ ಕಾಣುವುದಿಲ್ಲ ಎಂದರೆ ಅವರು ಇಲ್ಲ ಎಂದಲ್ಲ, ಹೊರಗೆ ಬರಲಾಗುತ್ತಿಲ್ಲ ಎಂದು. ಜಗದ್ಗುರು ಫ್ರಾನ್ಸಿಸರು 2020ರ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದಲ್ಲಿ ಇಂಥವರನ್ನು ಸಮಾಜದೊಳಗೇ ಇರುವ, ಕಣ್ಣಿಗೆ ಕಾಣದ ಗಡೀಪಾರಾದವರಿಗೆ ಹೋಲಿಸಿದ್ದರು. 2022ರ ಮೇ ತಿಂಗಳಿನಿಂದ ಸ್ವತಃ ಅವರೇ ಗಾಲಿಕುರ್ಚಿಯಲ್ಲಿ ಕುಳಿತು ಜಗತ್ತಿನ ಮುಂದೆ ಬಂದರು. ಇನ್ನು ನಮ್ಮ ಊರಿನ ಪರಿಸ್ಥಿತಿ ನಮಗೇ ಗೊತ್ತು. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ, ಕೆನಡಾದಲ್ಲಿ. ಮನೆಯಲ್ಲಿ ಎಪ್ಪತ್ತು ಎಂಬತ್ತು ದಾಟಿದ ತಂದೆತಾಯಿ. ಮೊಣಕಾಲು ನೋವು, ಮಂದ ದೃಷ್ಟಿ, ಕೈಯಲ್ಲೊಂದು ಕೋಲು. ಇವರ ಹೆಸರು ವಿಕಲಚೇತನರ ಪಟ್ಟಿಯಲ್ಲಿಲ್ಲ. ಆದರೆ ಸಮತಟ್ಟಾದ ಫುಟ್‌ಪಾತ್ ಇವರಿಗೂ ಬೇಕು. ಮಗುವನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುವ ತಾಯಿಗೂ ಬೇಕು, ಗರ್ಭಿಣಿಗೂ ಬೇಕು.

ಏನು ಮಾಡಬಹುದು?

ದೂರುವುದು ಸುಲಭ. ಮಾಡಬಹುದಾದದ್ದನ್ನು ಹೇಳದಿದ್ದರೆ ಬರೆದದ್ದಕ್ಕೆ ಅರ್ಥವಿಲ್ಲ.

ಒಂದು: ನಡೆದು ನೋಡಿ. ಪ್ರತಿಯೊಂದು ವಾಳೆಯ ಗುರಿಕಾರರು, ಐಸಿವೈಎಂ ಮತ್ತು ವೈಸಿಎಸ್ ಯುವಜನರು ಸೇರಿ ಚರ್ಚಿನಿಂದ ಬಸ್ ನಿಲ್ದಾಣದವರೆಗೆ, ಶಾಲೆಯಿಂದ ಆಸ್ಪತ್ರೆಯವರೆಗೆ ಗಾಲಿಕುರ್ಚಿ ಬಳಸುವವರ ಅಥವಾ ಅಂಧರ ಜೊತೆಯಲ್ಲೇ ಒಮ್ಮೆ ಸಾಗಬೇಕು. ಅವರ ಪರವಾಗಿ ನಾವು ನೋಡಿದರೆ ಸಾಲದು. ಅಡ್ಡಿ ಯಾವುದು ಎಂದು ಅವರೇ ಹೇಳಬೇಕು. ಅಳತೆ ಪಟ್ಟಿ, ಫೋಟೋ, ಸ್ಥಳದ ಗುರುತು ಇಷ್ಟಿದ್ದರೆ ಸಾಕು.

ಎರಡು: ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ. ಪಾಲಿಕೆ, ಪುರಸಭೆ ಅಥವಾ ಪಂಚಾಯತಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದಕ್ಕೂ ಬಗ್ಗದಿದ್ದರೆ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ; ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ. ಊರಿನ ಗ್ರಾಮೀಣ ಅಥವಾ ನಗರ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಸೇರಿಸಿಕೊಳ್ಳಿ.

ಮೂರು: ಹಣ ಕೇಳಿ. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದ ಶೇಕಡಾ 5ನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ತ್ರಿಚಕ್ರ ವಾಹನ ಕೊಡುವುದು ಒಳ್ಳೆಯದೇ. ಆದರೆ ವಾಹನ ಕೊಟ್ಟು ದಾರಿ ಕೊಡದಿದ್ದರೆ ಅದು ಅಂಗಳದಲ್ಲೇ ತುಕ್ಕು ಹಿಡಿಯುತ್ತದೆ. ಹೊಸ ರಸ್ತೆಯ ಅಂದಾಜು ಪಟ್ಟಿ ತಯಾರಾಗುವಾಗಲೇ ಇಳಿಜಾರು, ಮಟ್ಟ, ಕಂಬಗಳ ಸ್ಥಳಾಂತರ ಅದರಲ್ಲಿ ಸೇರಿದೆಯೇ ಎಂದು ಕೇಳಬೇಕು. ಕಟ್ಟಿದ ಮೇಲೆ ಒಡೆಯುವುದಕ್ಕಿಂತ ಕಟ್ಟುವಾಗ ಸರಿಪಡಿಸುವುದು ಅಗ್ಗ.

ನಾಲ್ಕು: ಸಮಿತಿಗಳಲ್ಲಿ ಕುಳಿತುಕೊಳ್ಳಿ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಸ್ವಯಂಸೇವಾ ಮತ್ತು ಸಮುದಾಯ ಸಂಸ್ಥೆಗಳಿಗೂ ಶೇಕಡಾ 10ರಷ್ಟು ಸ್ಥಾನ ಇದೆ. ಧರ್ಮಪ್ರಾಂತದ ಸಮಾಜಸೇವಾ ಸಂಸ್ಥೆಗಳು ಆ ಸ್ಥಾನ ಕೇಳಬಹುದು. ವ್ಯಾಪಾರಿ ಮತ್ತು ವಿಕಲಚೇತನ ಇಬ್ಬರ ಮಾತನ್ನೂ ಒಂದೇ ಮೇಜಿನ ಮುಂದೆ ಇಡಬಲ್ಲವರು ಬೇಕಾಗಿದ್ದಾರೆ.

ಐದು: ಮನೆಯಿಂದ ಆರಂಭಿಸಿ. ಭಾನುವಾರದ ಪ್ರಕಟಣೆಗಳಲ್ಲಿ ಒಂದು ಸಾಲು ಸೇರಿಸಲು ಖರ್ಚಿಲ್ಲ: ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸಬೇಡಿ. ಶಾಲೆಯ ಮೈದಾನವನ್ನು ಆ ಒಂದು ಗಂಟೆಗೆ ತೆರೆದಿಡಬಹುದು. ಪಾಲನಾ ಮಂಡಳಿ ಹಬ್ಬದ ಕಮಾನು, ಫ್ಲೆಕ್ಸ್, ಅಂಗಡಿಗಳಿಗೆ ಗುರುತು ಹಾಕುವಾಗ ನಡೆಯುವ ದಾರಿಯನ್ನು ಮೊದಲು ಬಿಟ್ಟು ಉಳಿದದ್ದನ್ನು ಹಂಚಬಹುದು. ಮಂಡಳಿಯಲ್ಲಿ ಒಬ್ಬ ವಿಕಲಚೇತನ ಸದಸ್ಯರಿದ್ದರೆ ಇವೆಲ್ಲವನ್ನೂ ಯಾರೂ ನೆನಪಿಸಬೇಕಾಗಿಲ್ಲ.

ಪ್ರತಿ ವರ್ಷ ಜನವರಿಯಲ್ಲಿ ಮಂಗಳೂರಿನಲ್ಲಿ ಮಿಲಾಗ್ರಿಸ್ ಚರ್ಚಿನಿಂದ ರೊಜಾರಿಯೊ ಕೆಥೆಡ್ರಲ್‌ವರೆಗೆ ಪರಮ ಪ್ರಸಾದದ ಮೆರವಣಿಗೆ ಸಾಗುತ್ತದೆ. ಪ್ರಭು ಬರುವ ದಾರಿ ಎಂದು ಅಂದು ಕಸ ಗುಡಿಸುತ್ತೇವೆ, ವಾಹನ ಸರಿಸುತ್ತೇವೆ, ಬದಿಗೆ ನಿಂತು ಜಾಗ ಬಿಡುತ್ತೇವೆ. ಅಂದರೆ ದಾರಿ ತೆರವುಗೊಳಿಸುವುದು ಹೇಗೆಂದು ನಮಗೆ ಗೊತ್ತಿಲ್ಲ ಎನ್ನುವಂತಿಲ್ಲ. ತನ್ನ ಅತ್ಯಂತ ಚಿಕ್ಕ ಸೋದರರಿಗೆ ಮಾಡಿದ್ದನ್ನು ತನಗೇ ಮಾಡಿದಂತೆ ಎಣಿಸುವ ಪ್ರಭು ವರ್ಷದ ಉಳಿದ ದಿನಗಳಲ್ಲೂ ನಮ್ಮ ಬೀದಿಗಳಲ್ಲಿ ಬರುತ್ತಾನೆ, ಒಮ್ಮೊಮ್ಮೆ ಬಿಳಿ ಬೆತ್ತ ಹಿಡಿದು, ಒಮ್ಮೊಮ್ಮೆ ಗಾಲಿಕುರ್ಚಿಯಲ್ಲಿ. ಬರುವ ಭಾನುವಾರ ವಾಹನ ನಿಲ್ಲಿಸುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡೋಣ.